ಹದಿನೇಳರಲ್ಲಿ ಉಳಿದದ್ದು ಹದಿನಾಲ್ಕು



ಕ್ರಿ.ಶ. 845. ಚೀನಾದಲ್ಲಿ ತಾಂಗ್ ವಂಶದ ಆಳ್ವಿಕೆ. ಸಿಂಹಾಸನದ ಮೇಲೆ ವೂಜೊಂಗ್ ಅನ್ನೋ ಚಕ್ರವರ್ತಿ. ಆತನಿಗೆ ದಾವೋ ಪಂಥದ ಮೇಲೆ ಒಲವು, ಬೌದ್ಧರ ಮೇಲೆ ಸಿಟ್ಟು. ಸಿಟ್ಟಿಗೆ ಧರ್ಮ ಒಂದೇ ಕಾರಣ ಅಲ್ಲ. ಮಠಗಳ ಹತ್ತಿರ ಭೂಮಿ ಇತ್ತು, ಕಂಚು ಇತ್ತು, ದುಡಿಯೋ ಕೈಗಳಿದ್ದವು, ಆದರೆ ಅವು ತೆರಿಗೆ ಕಟ್ಟುತ್ತಿರಲಿಲ್ಲ. ಖಜಾನೆ ಬರಿದಾದಾಗ ದೊರೆಯ ಕಣ್ಣು ಎಲ್ಲಿ ಬೀಳುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆಜ್ಞೆ ಹೊರಟಿತು. ದಾಖಲೆಗಳ ಪ್ರಕಾರ 4,600ಕ್ಕೂ ಹೆಚ್ಚು ಮಠಗಳು ನೆಲಸಮವಾದವು. ಸಣ್ಣಪುಟ್ಟ ಗುಡಿಗಳು 40,000. ಕಾವಿ ಕಳಚಿ ಮನೆಗೆ ಹೋಗಬೇಕಾಗಿ ಬಂದ ಭಿಕ್ಷು, ಭಿಕ್ಷುಣಿಯರು 2,60,500. ಕಂಚಿನ ಬುದ್ಧ ಕರಗಿ ನಾಣ್ಯವಾದ, ಕಬ್ಬಿಣದ ಬುದ್ಧ ಕರಗಿ ಬೇಸಾಯದ ಹತ್ಯಾರವಾದ.

ಇಷ್ಟೆಲ್ಲ ಆಗುವಾಗ, ಉತ್ತರ ಚೀನಾದ ಶಾನ್‌ಶಿ ಪ್ರಾಂತ್ಯದ ಒಂದು ಹಳ್ಳಿಯಲ್ಲಿ ಒಂದು ಚಿಕ್ಕ ಗುಡಿ ಇತ್ತು. ಹೆಸರು ನಾನ್‌ಚಾನ್. ಅದನ್ನು ಯಾರೂ ಒಡೆಯಲಿಲ್ಲ. ಯಾಕೆ? ಯಾರೂ ಅದನ್ನು ಕಾಪಾಡಿದ್ದಕ್ಕಲ್ಲ. ಅದು ಒಡೆಯುವಷ್ಟು ದೊಡ್ಡದಿರಲಿಲ್ಲ, ಅಷ್ಟೇ. ರಾಜಧಾನಿಯಿಂದ ದೂರ, ಹಳ್ಳಿಗರು ಕಟ್ಟಿಕೊಂಡದ್ದು, ಒಡೆದರೂ ಏನೂ ಸಿಗದಂಥದ್ದು. ಅಧಿಕಾರಿಗಳ ಗಮನಕ್ಕೇ ಬಂದಿರಲಿಕ್ಕಿಲ್ಲ ಅನ್ನೋದು ಇತಿಹಾಸಕಾರರು ಸಾಮಾನ್ಯವಾಗಿ ಕೊಡುವ ವಿವರಣೆ. ಇವತ್ತು ಅದೇ ಗುಡಿ, ಚೀನಾದಲ್ಲಿ ಕಾಲ ಖಚಿತವಾಗಿ ಗೊತ್ತಿರುವ ಮರದ ಕಟ್ಟಡಗಳಲ್ಲೆಲ್ಲ ಅತಿ ಹಳೆಯದು. ಒಳಗಿನ ತೊಲೆಯ ಮೇಲೆ ಶಾಯಿಯಲ್ಲಿ ಬರೆದ ಒಂದು ಸಾಲು ಇದೆ. ಅದರ ಪ್ರಕಾರ ಗುಡಿ ಪುನಃ ಕಟ್ಟಿದ್ದು 782ರಲ್ಲಿ. ನಮ್ಮ ಕಡೆ ಲೆಕ್ಕ ಹಾಕೋದಾದರೆ ರಾಷ್ಟ್ರಕೂಟರ ಧ್ರುವ ಪಟ್ಟಕ್ಕೆ ಬಂದ ಹೊತ್ತು. ಆಗ ನಾವು ಕಲ್ಲಿನಲ್ಲಿ ಕಟ್ಟುತ್ತಿದ್ದೆವು, ಬಂಡೆ ಕೊರೆಯುತ್ತಿದ್ದೆವು. ಅವರು ಮರದಲ್ಲಿ ಕಟ್ಟಿದರು. ಒಳಗಿನ ದೇವರನ್ನಂತೂ ಮಣ್ಣಿನಲ್ಲಿ ಮಾಡಿದರು. ಸುಟ್ಟ ಮಣ್ಣಲ್ಲ, ಹಸಿ ಮಣ್ಣು. ಇವತ್ತಿನ ನನ್ನ ಮಾತು ಆ ಮಣ್ಣಿನ ಬಗ್ಗೆ.

ಕಳೆದ ವರ್ಷ ರಜೆ ಹಾಕಿ ಹೋಗಿದ್ದೆ. ಆಫೀಸಿನಲ್ಲಿ ಚೀನಾಕ್ಕೆ ಅಂದಾಗ, ಏನು ಗಡಿ ಸ್ಟೋರಿನಾ ಅಂತ ಕೇಳಿದರು. ತಪ್ಪೇನಿಲ್ಲ. ನಮ್ಮ ಸ್ಟುಡಿಯೋದಲ್ಲಿ ಚೀನಾ ಅಂದರೆ ಕೆಂಪು ಬಣ್ಣದ ಮ್ಯಾಪು, ಮೇಲೊಂದು ಡ್ರ್ಯಾಗನ್, ಕೆಳಗೆ ಓಡುವ ಪಟ್ಟಿ. ದೇವಸ್ಥಾನ ನೋಡೋಕೆ ಅಂದೆ. ಯಾರೂ ನಂಬಲಿಲ್ಲ.

ಕಾರಣ ಒಂದು ವಿಡಿಯೋ ಗೇಮ್. 2024ರ ಆಗಸ್ಟ್‌ನಲ್ಲಿ 'ಬ್ಲ್ಯಾಕ್ ಮಿಥ್: ವುಕಾಂಗ್' ಅಂತ ಒಂದು ಗೇಮ್ ಬಂತು. ನಿಮ್ಮ ಮನೆಯಲ್ಲಿ ಹದಿನೆಂಟು ದಾಟಿದ ಮಗ ಇದ್ದರೆ ಕೇಳಿ, ಗೊತ್ತಿರುತ್ತೆ. ವುಕಾಂಗ್ ಅಂದರೆ ಅವರ ಪುರಾಣದ ಕಪಿರಾಯ. ಒಬ್ಬ ಭಿಕ್ಷುವಿನ ಜೊತೆ ಭಾರತದ ಕಡೆ ಹೊರಟವನು. ಆ ಭಿಕ್ಷು ಯಾರ ನೆರಳು ಗೊತ್ತಾ? ಹ್ಯೂಯೆನ್ ತ್ಸಾಂಗ್. ಶಾಲೆಯಲ್ಲಿ ಇಮ್ಮಡಿ ಪುಲಿಕೇಶಿ ಪಾಠದಲ್ಲಿ ಬರುತ್ತಿದ್ದನಲ್ಲ, ನಮ್ಮ ನಾಡಿನ ಜನ ಎಂಥವರು ಅಂತ ಬರೆದಿಟ್ಟ ಅದೇ ಯಾತ್ರಿಕ. ಆ ಗೇಮ್‌ನಲ್ಲಿ ಕಾಣುವ ಗುಡಿಗಳು, ಮೂರ್ತಿಗಳು ಸುಮ್ಮನೆ ಕಲ್ಪಿಸಿದ್ದಲ್ಲ. ನಿಜವಾದ ಜಾಗಗಳಿಗೆ ಹೋಗಿ ಸ್ಕ್ಯಾನ್ ಮಾಡಿ ತಂದದ್ದು. ಅಂಥ 36 ಜಾಗಗಳಲ್ಲಿ 27 ಶಾನ್‌ಶಿ ಒಂದೇ ಪ್ರಾಂತ್ಯದಲ್ಲಿವೆ. ಆಟ ಆಡ್ತಾ ಆಡ್ತಾ ನಾನು ಶತ್ರುವನ್ನು ಬಿಟ್ಟು ಗೋಡೆ ನೋಡೋಕೆ ಶುರು ಮಾಡಿದೆ.

ನನ್ನ ಜೊತೆ ಇಂಜಿನಿಯರಿಂಗ್ ಓದಿದ ಹಾಸನದ ಗೆಳೆಯನೊಬ್ಬ ಶಾಂಘೈನಲ್ಲಿದ್ದಾನೆ, ಚೀನೀ ಭಾಷೆ ಮಾತಾಡ್ತಾನೆ. ಇಬ್ಬರೂ ತೈಯುವಾನ್ ನಗರದಿಂದ ಬೆಳಗ್ಗೆ ಕಾರಲ್ಲಿ ಹೊರಟೆವು. ದಾರಿಯುದ್ದಕ್ಕೂ ಹಳದಿ ಮಣ್ಣಿನ ಗುಡ್ಡ, ಮುಸುಕಿನ ಜೋಳದ ಹೊಲ. ಮುಖ್ಯ ರಸ್ತೆ ಬಿಟ್ಟು ಒಳಗೆ ಹೋದಮೇಲೆ ಒಂದು ಹಂತದಲ್ಲಿ ಅವನೇ, "ಮಗಾ, ಇದು ಯಾರದೋ ತೋಟಕ್ಕೆ ಹೋಗೋ ದಾರಿ ಥರ ಇದೆ" ಅಂದ. ಆ ತೋಟದ ಕೊನೆಯಲ್ಲೇ ಗುಡಿ.

ಸಣ್ಣದು ಅಂದರೆ ಎಷ್ಟು ಸಣ್ಣದು? ಅಗಲ ಹನ್ನೆರಡು ಮೀಟರ್ ಹತ್ತಿರ, ಆಳ ಹತ್ತು ಮೀಟರ್. ಬೆಂಗಳೂರಿನಲ್ಲಿ ಮೂವತ್ತು–ನಲವತ್ತರ ಸೈಟು ಅಂತೀವಲ್ಲ, ಹತ್ತಿರ ಹತ್ತಿರ ಅಷ್ಟೇ. ಸುತ್ತ ಹನ್ನೆರಡು ಮರದ ಕಂಬ. ಅದರಲ್ಲಿ ಮೂರು ಚೌಕ, ಉಳಿದವು ದುಂಡಗೆ. ಚೌಕದವು ಮೂಲ ಕಂಬಗಳು ಅಂತ ಹೇಳ್ತಾರೆ. ಒಳಗೆ ಒಂದೂ ಕಂಬ ಇಲ್ಲ. ಸಿವಿಲ್ ಓದಿದವರು ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಕಂಬದ ತಲೆಯ ಮೇಲೆ ಒಂದರ ಮೇಲೊಂದು ಕೂಡಿಸಿದ ಮರದ ಬೋದಿಗೆಗಳು, ಒಂದಕ್ಕೊಂದು ಕಚ್ಚಿಕೊಂಡು, ಭಾರವಾದ ಹೆಂಚಿನ ಸೂರನ್ನು ಗೋಡೆಯಿಂದ ಎಷ್ಟೋ ಹೊರಕ್ಕೆ ಚಾಚಿ ಹಿಡಿದಿವೆ. ಗೋಡೆಗೆ ಚಾವಣಿಯ ಭಾರವೇ ಇಲ್ಲ, ಅದು ಬರೀ ಪರದೆ. ನೆಲ ನಡುಗಿದರೆ ಕೀಲುಗಳು ಅಲ್ಲಲ್ಲೇ ಒಂಚೂರು ಜರುಗಿ ಅದನ್ನು ನುಂಗಿಕೊಳ್ಳುತ್ತವೆ. 1966ರಲ್ಲಿ ಪಕ್ಕದ ಪ್ರಾಂತ್ಯದಲ್ಲಿ ದೊಡ್ಡ ಭೂಕಂಪ ಆದಾಗ ಇದಕ್ಕೂ ಪೆಟ್ಟು ಬಿತ್ತು, ಆದರೆ ಬೀಳಲಿಲ್ಲ. 1974–75ರಲ್ಲಿ ಬಿಚ್ಚಿ ಸರಿಮಾಡಿದರು.

ಈ ಸೂರಿನ ಬಗ್ಗೆ ಇಷ್ಟು ಹೇಳಿದ್ದು ಯಾಕೆಂದರೆ ಒಳಗಿರೋದು ಹಸಿ ಮಣ್ಣು. ಒಂದು ಮರದ ಹಂದರ ಮಾಡ್ತಾರೆ. ಅದಕ್ಕೆ ಹುಲ್ಲು, ಹಗ್ಗ ಸುತ್ತುತ್ತಾರೆ. ಮೇಲೆ ಹೊಟ್ಟು ಬೆರೆಸಿದ ಒರಟು ಮಣ್ಣು. ಅದು ಒಣಗಿದ ಮೇಲೆ ನಾರು, ಮರಳು ಕಲಸಿದ ನಯವಾದ ಮಣ್ಣು. ಕಣ್ಣು, ತುಟಿ, ಬಟ್ಟೆಯ ಮಡಿಕೆ ಎಲ್ಲ ಈ ಪದರದಲ್ಲಿ. ಆಮೇಲೆ ಬಿಳಿ ಲೇಪ, ಕೊನೆಗೆ ಬಣ್ಣ. ನಮ್ಮಲ್ಲಿ ಗೌರಿ ಗಣೇಶ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅರ್ಧ ಅವರಿಗೆ ಗೊತ್ತಿರೋದೇ. ವ್ಯತ್ಯಾಸ ಒಂದೇ. ನಾವು ಮಣ್ಣಿನ ದೇವರನ್ನು ಮಾಡೋದೇ ನೀರಿಗೆ ಬಿಡೋಕೆ. ಇವರು ಮಾಡಿದ್ದು ಉಳಿಸಿಕೊಳ್ಳೋಕೆ. ಒಂದು ಮಳೆಗಾಲ ಚಾವಣಿ ಸೋರಿದರೆ ಸಾವಿರದ ಇನ್ನೂರು ವರ್ಷದ ಬುದ್ಧ ಕೆಸರು. ಅಂದರೆ ಈ ಮೂರ್ತಿಗಳ ವಯಸ್ಸು, ಅಷ್ಟೂ ವರ್ಷ ಯಾರೋ ಒಬ್ಬರು ಹೆಂಚು ಸರಿಮಾಡುತ್ತಾ ಬಂದಿದ್ದಾರೆ ಅನ್ನೋದರ ಲೆಕ್ಕ. 2021ರ ಅಕ್ಟೋಬರ್‌ನಲ್ಲಿ ಶಾನ್‌ಶಿಯಲ್ಲಿ ಕಂಡರಿಯದ ಮಳೆ ಸುರಿದು 1,700ಕ್ಕೂ ಹೆಚ್ಚು ಪುರಾತನ ಜಾಗಗಳಿಗೆ ಹಾನಿಯಾಯಿತು. ಒಣ ಹವೆಯ ನಾಡು ಅಂತ ನಂಬಿಕೊಂಡು ಕೂತಿದ್ದ ಮಣ್ಣಿಗೆ ಅದು ಹೊಸ ಶತ್ರು.

ಬಾಗಿಲ ಹತ್ತಿರ ಕಾವಲುಗಾರ. ಅರವತ್ತು ದಾಟಿದ ಮನುಷ್ಯ, ಹಳೇ ನೀಲಿ ಕೋಟು. ಮೊದಲು ಪುಸ್ತಕದಲ್ಲಿ ಹೆಸರು ಬರೆಸಿಕೊಂಡ. ಇಂಡಿಯಾ ಅಂತ ನನ್ನ ಗೆಳೆಯ ಹೇಳಿದ ಕೂಡಲೇ ನನ್ನ ಮುಖ ನೋಡಿ, ಬುದ್ಧನ ಊರಿನವರು ಅಂದನಂತೆ. ಊರು ಸ್ವಲ್ಪ ದೂರ ಆಯ್ತು ಅಂತ ವಾದ ಮಾಡೋಕೆ ಹೋಗಲಿಲ್ಲ. ಒಳಗೆ ಫೋಟೋ ಬೇಡ ಅಂದ, ಬೀಗ ತೆಗೆದ.

ಕಣ್ಣು ಹೊಂದಿಕೊಳ್ಳೋಕೆ ಸ್ವಲ್ಪ ಹೊತ್ತು ಬೇಕು. ಒಳಗೆ ಲೈಟಿಲ್ಲ, ಬಾಗಿಲಿನಿಂದ ಬರುವ ಬೆಳಕೇ. ಮೊಣಕಾಲಿಗಿಂತ ತುಸು ಎತ್ತರದ ಒಂದು ಇಟ್ಟಿಗೆಯ ಜಗಲಿ, ಕೋಣೆಯ ಬಹುಪಾಲು ಅದೇ. ಅದರ ಮೇಲೆ ಗುಂಪಾಗಿ ಎಲ್ಲರೂ. ನಡುವೆ ಶಾಕ್ಯಮುನಿ. ಅಕ್ಕಪಕ್ಕದಲ್ಲಿ ಆನಂದ, ಕಾಶ್ಯಪ. ಒಂದು ಕಡೆ ಸಿಂಹದ ಮೇಲೆ ಮಂಜುಶ್ರೀ, ಇನ್ನೊಂದು ಕಡೆ ಆನೆಯ ಮೇಲೆ ಸಮಂತಭದ್ರ. ಬೋಧಿಸತ್ವರು, ದಿಕ್ಕು ಕಾಯುವ ರಾಜರು, ಪುಟ್ಟ ಹುಡುಗರು. ಎಲ್ಲ ಹೆಸರೂ ನಮ್ಮವೇ. ಅಲ್ಲಿ ನಿಂತು ಒಂದೊಂದೇ ಹೆಸರನ್ನು ಸಂಸ್ಕೃತದಲ್ಲಿ ಹೇಳಿದೆ. ಗೆಳೆಯ ಚೀನೀಯಲ್ಲಿ ಹೇಳಿದ. ಕಾವಲುಗಾರ ತಲೆಯಾಡಿಸುತ್ತಾ ಹೋದ, ಹಾಜರಿ ತಗೊಂಡ ಹಾಗೆ.

ಬೋಧಿಸತ್ವರ ಕೆನ್ನೆ ತುಂಬಿಕೊಂಡಿದೆ, ಕತ್ತಿನಲ್ಲಿ ಮೂರು ಮಡಿಕೆ, ಸೊಂಟ ಒಂಚೂರು ಒಂದು ಕಡೆ ವಾಲಿದೆ. ದೇವರು ಅನ್ನೋದಕ್ಕಿಂತ, ಉಂಡು ತೃಪ್ತಿಯಾಗಿ ಬಾಗಿಲಿಗೆ ಒರಗಿ ನಿಂತ ಮನೆಯವರ ಹಾಗೆ. ಬಣ್ಣ ಮೂಲದ್ದೇ ಅಲ್ಲ, ನಂತರದ ಕಾಲದಲ್ಲಿ ಮತ್ತೆ ಹಚ್ಚಿದ್ದಾರೆ. ಅದರೂ ಮಾಸಿ ಈಗ ಹದವಾಗಿದೆ. ಪುಣ್ಯಕ್ಕೆ ನಮ್ಮ ಕಡೆಯ ಹಾಗೆ ಆಯಿಲ್ ಪೇಂಟ್ ಡಬ್ಬ ಹಿಡಿದುಕೊಂಡು ಯಾವ ದಾನಿಯೂ ಬಂದಿಲ್ಲ!

ಮಂಜುಶ್ರೀಯ ಬಗ್ಗೆ ಒಂದು ಮಾತು. ಈ ಸೀಮೆಯ ಹೆಸರು ವುತಾಯ್. ಐದು ಶಿಖರಗಳ ಬೆಟ್ಟ. ಪೂರ್ವ ಏಷ್ಯಾದ ಬೌದ್ಧರಿಗೆ ಇದು ಮಂಜುಶ್ರೀ ನೆಲೆಸಿರುವ ಬೆಟ್ಟ. 676ರಲ್ಲಿ ಕಾಶ್ಮೀರದ ಕಡೆಯಿಂದ ಬುದ್ಧಪಾಲಿತ ಅನ್ನೋ ಭಿಕ್ಷು ಆತನ ದರ್ಶನಕ್ಕೆಂದೇ ಇಲ್ಲಿಯವರೆಗೆ ಬಂದ ಅಂತ ಪರಂಪರೆ ಹೇಳುತ್ತೆ. ಈ ಕಡೆ ಮಂಗಳೂರಿನ ಕದ್ರಿಗೆ ಬನ್ನಿ. ಅಲ್ಲಿ 968ರಲ್ಲಿ ಆಳುಪ ರಾಜ ಕುಂದವರ್ಮ ಪ್ರತಿಷ್ಠಾಪಿಸಿದ ಕಂಚಿನ ಲೋಕೇಶ್ವರ ಇದ್ದಾನೆ. ಅವನು ಬೌದ್ಧರ ಅವಲೋಕಿತೇಶ್ವರ. ಮಂಜುನಾಥ ಅನ್ನೋ ಹೆಸರಿನಲ್ಲೇ ಮಂಜುಶ್ರೀ ಇದ್ದಾನೆ ಅನ್ನುವ ವಿದ್ವಾಂಸರೂ ಇದ್ದಾರೆ. ಧರ್ಮಸ್ಥಳಕ್ಕೆ ಹೋಗಿ ಮಗುವಿಗೆ ಮಂಜು ಅಂತ ಹೆಸರಿಟ್ಟು ಬರುವ ನಮಗೆ ಈ ಬೆಟ್ಟ ಪೂರ್ತಿ ಪರಕೀಯ ಅಲ್ಲ.

ಈಗ ಈ ಗುಡಿ ಜಗತ್ತಿಗೆ ಗೊತ್ತಾದ ಬಗೆ ನೋಡಿ. 1930ರ ದಶಕದಲ್ಲಿ ಲಿಯಾಂಗ್ ಸಿಚೆಂಗ್, ಲಿನ್ ಹುಯ್‌ಯಿನ್ ಅಂತ ಗಂಡ ಹೆಂಡತಿ, ಇಬ್ಬರೂ ವಾಸ್ತುಶಿಲ್ಪದ ವಿದ್ವಾಂಸರು, ಹಳೇ ಕಟ್ಟಡ ಹುಡುಕುತ್ತಾ ಊರೂರು ಅಲೆದರು. ತಾಂಗ್ ಕಾಲದ ಮರದ ಕಟ್ಟಡ ಚೀನಾದಲ್ಲಿ ಒಂದೂ ಉಳಿದಿಲ್ಲ, ನೋಡಬೇಕಾದರೆ ಜಪಾನಿನ ನಾರಾಕ್ಕೆ ಬನ್ನಿ ಅಂತ ಜಪಾನಿನ ಪಂಡಿತರು ಹೇಳುತ್ತಿದ್ದ ಕಾಲ. 1937ರಲ್ಲಿ ಇವರು ಹೇಸರಗತ್ತೆ ಏರಿ ಇದೇ ವುತಾಯ್ ಸೀಮೆಯ ಫೋಗ್ವಾಂಗ್ ದೇವಾಲಯ ತಲುಪಿದರು. ಅಟ್ಟದ ತುಂಬ ಬಾವಲಿ, ತಿಗಣೆ. ಕೆಳಗೆ ನಿಂತ ಲಿನ್ ಹುಯ್‌ಯಿನ್‌ಗೆ ದೂರದೃಷ್ಟಿ ಚೆನ್ನಾಗಿತ್ತು. ತೊಲೆಯ ಅಡಿಯಲ್ಲಿ ಮಸುಕಾದ ಅಕ್ಷರ ಕಂಡಿತು. ದಾನ ಕೊಟ್ಟ ಹೆಣ್ಣುಮಗಳೊಬ್ಬಳ ಹೆಸರು, ನಿಂಗ್ ಗೊಂಗ್ಯು. ಅದೇ ಹೆಸರು ಹೊರಗಿನ ಕಲ್ಲಿನ ಸ್ತಂಭದಲ್ಲೂ ಇತ್ತು, ಇಸವಿ ಸಮೇತ. 857. ಆಕೆಯ ಮಣ್ಣಿನ ಮೂರ್ತಿ ಕೂಡ ಅಲ್ಲೇ ಒಂದು ಮೂಲೆಯಲ್ಲಿ ಕೂತಿತ್ತು. ತನ್ನದೇ ದುಡ್ಡಿನ ಗುಡಿಯಲ್ಲಿ, ಪಕ್ಕಕ್ಕೆ ಸರಿದು. ಅವರು ಬೆಟ್ಟ ಇಳಿಯುವ ಹೊತ್ತಿಗೆ ಜಪಾನಿನ ಜೊತೆ ಯುದ್ಧ ಶುರುವಾಗಿ ಹಲವು ದಿನ ಕಳೆದಿತ್ತು.

ಅದೇ ತಾಲೂಕಿನಲ್ಲಿ ಅದಕ್ಕಿಂತ 75 ವರ್ಷ ಹಳೆಯದೊಂದು ಇದೆ ಅನ್ನೋದು ಅವರಿಗೂ ಗೊತ್ತಾಗಲಿಲ್ಲ. ನಾನ್‌ಚಾನ್ ತಜ್ಞರ ಕಣ್ಣಿಗೆ ಬಿದ್ದದ್ದು 1953ರಲ್ಲಿ. ಹಳ್ಳಿಗರಿಗೆ ಗೊತ್ತಿತ್ತು, ಅವರನ್ನು ಕೇಳಿದವರಿರಲಿಲ್ಲ. 1961ರಲ್ಲಿ ದೇಶದ ಸಂರಕ್ಷಿತ ಸ್ಮಾರಕಗಳ ಮೊದಲ ಪಟ್ಟಿ ಬಂತು. ಒಂಬತ್ತನೇ ಶತಮಾನದಲ್ಲಿ ಲೆಕ್ಕಕ್ಕೇ ಬಾರದ ಗುಡಿ ಈಗ ಅಧಿಕೃತವಾಗಿ ಪಟ್ಟಿಯಲ್ಲಿತ್ತು.

ಪಟ್ಟಿಯನ್ನು ಸರ್ಕಾರ ಮಾತ್ರ ಓದಲ್ಲ, ವೀಕ್ಷಕರೇ. ಕಳ್ಳರೂ ಓದ್ತಾರೆ.

1999ರಲ್ಲಿ ಒಂದು ರಾತ್ರಿ ನುಗ್ಗಿದರು. ಜಗಲಿಯ ಮುಂದೆ ಮೊಣಕಾಲೂರಿ ಕೂತಿದ್ದ ಎರಡು ಬೋಧಿಸತ್ವ, ಜೊತೆಗೆ ಒಬ್ಬ ಪರಿಚಾರಕ, ಒಟ್ಟು ಮೂರು ಮೂರ್ತಿ ಹೊತ್ತುಕೊಂಡು ಹೋದರು. ಅಷ್ಟಕ್ಕೇ ಬಿಡಲಿಲ್ಲ. ಇಂಥ ಮೂರ್ತಿಗಳ ಹೊಟ್ಟೆಯೊಳಗೆ ಬೆಲೆಬಾಳುವ ವಸ್ತು ಇಟ್ಟು ಮುಚ್ಚುವ ಪದ್ಧತಿ ಇತ್ತು. ಅದಕ್ಕಾಗಿ ಶಾಕ್ಯಮುನಿಯ ಮೈಗೇ ಕನ್ನ ಹಾಕಿದರು. ಹದಿನೇಳು ಮೂರ್ತಿ ಇದ್ದದ್ದು ಹದಿನಾಲ್ಕಾಯಿತು. ಚಕ್ರವರ್ತಿಯ ಆಜ್ಞೆ, ಭೂಕಂಪ, ಯುದ್ಧ, ಸಾಂಸ್ಕೃತಿಕ ಕ್ರಾಂತಿ ಇಷ್ಟನ್ನೂ ದಾಟಿ ಬಂದದ್ದು ಒಂದು ರಾತ್ರಿಯಲ್ಲಿ ಹೋಯಿತು.

ಮೊಣಕಾಲೂರಿ ಕೂತ ತಾಂಗ್ ಬೋಧಿಸತ್ವ ಹೇಗಿರುತ್ತೆ ಅಂತ ನೋಡಬೇಕಾದರೆ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮ್ಯೂಸಿಯಂನಲ್ಲಿ ಒಂದಿದೆ. ದುನ್‌ಹುವಾಂಗ್‌ನ 328ನೇ ಗುಹೆಯದ್ದು. 1924ರಲ್ಲಿ ಲ್ಯಾಂಗ್ಡನ್ ವಾರ್ನರ್ ಅನ್ನುವ ಅಮೆರಿಕನ್ ವಿದ್ವಾಂಸ ಕಿತ್ತುಕೊಂಡು ಹೋದದ್ದು. ಅವನನ್ನು ಕಳ್ಳ ಅಂತ ಕರೆಯಲಿಲ್ಲ, ವಿದ್ವಾಂಸ ಅಂತಲೇ ಕರೆದರು. ಹಸಿ ಮಣ್ಣು ಸಮುದ್ರ ದಾಟಿ ಹೋಗಬಲ್ಲದು, ಒಯ್ಯುವವನಿಗೆ ಅದರ ಬೆಲೆ ಗೊತ್ತಿದ್ದರೆ ಸಾಕು.

ನಮ್ಮ ದೇಶದ್ದೇ ಒಂದು ಉದಾಹರಣೆ ಕೊಡ್ತೀನಿ. ತಮಿಳುನಾಡಿನ ಶ್ರೀಪುರಂದಾನ್ ಅನ್ನೋ ಹಳ್ಳಿಯ ಕಂಚಿನ ನಟರಾಜ ಕಳುವಾಗಿ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ ಸೇರಿತ್ತು. 2014ರಲ್ಲಿ ವಾಪಸ್ ಬಂತು. ಇದು ನಮ್ಮದೇ ಅಂತ ಸಾಬೀತು ಮಾಡುವಲ್ಲಿ ದೊಡ್ಡ ಕೆಲಸ ಮಾಡಿದ್ದು ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ಎಷ್ಟೋ ವರ್ಷ ಮೊದಲು ಆ ಗುಡಿಯಲ್ಲಿ ತೆಗೆದಿಟ್ಟಿದ್ದ ಫೋಟೋ. ನಿಮ್ಮೂರ ಗುಡಿಯ ಉತ್ಸವಮೂರ್ತಿಯದ್ದು ಅಂಥದೊಂದು ಫೋಟೋ ಇದೆಯಾ? ಹಾರ, ರೇಷ್ಮೆ, ಬೆಳ್ಳಿ ಕವಚ ತೆಗೆದು, ಎದುರಿನಿಂದ, ಪಕ್ಕದಿಂದ, ಅಳತೆ ಸಮೇತ? ಅರ್ಚಕರನ್ನು ಒಮ್ಮೆ ಕೇಳಿ ನೋಡಿ.

ಮತ್ತೆ ಆ ಗೇಮ್ ವಿಷಯಕ್ಕೆ ಬರ್ತೀನಿ. ಅದು ಬಂದಮೇಲೆ ಶಾನ್‌ಶಿಗೆ ಜನ ನುಗ್ಗಿದರು. ಬೆಟ್ಟದ ಮೇಲಿನ ಶಿಯಾವೊಶಿತಿಯಾನ್, ಗಾವೊಪಿಂಗ್‌ನ ತಿಯೆಫೊ ದೇವಾಲಯ, ಇವೆಲ್ಲ ಚಿಕ್ಕ ಜಾಗಗಳು. ಒಳಗೆ ಕಿಕ್ಕಿರಿದು ಮಣ್ಣಿನ ಮೂರ್ತಿ. ಮನುಷ್ಯರು ಸಾಲಾಗಿ ನಿಂತು ಉಸಿರಾಡಿದರೆ ಕೋಣೆಯ ತೇವ ಏರುತ್ತೆ. ತೇವ ಏರಿ ಇಳಿದರೆ ಬಣ್ಣದ ಪದರ ಸಿಪ್ಪೆಯೇಳುತ್ತೆ. ಇದಕ್ಕೆ ಭೌತಶಾಸ್ತ್ರ ಸಾಕು, ಭಕ್ತಿ ಬೇಕಾಗಿಲ್ಲ. ಹಾಗಂತ ಜನ ಬರಲೇಬಾರದು ಅನ್ನೋದನ್ನು ನಾನು ಒಪ್ಪಲ್ಲ. ಯಾರೂ ಬಾರದಿದ್ದ ಕಾಲದಲ್ಲೇ ಆ ಮೂರು ಮೂರ್ತಿ ಹೋದದ್ದು. ಅನಾಮಿಕತೆ ಗುಡಿಯನ್ನು ಚಕ್ರವರ್ತಿಯಿಂದ ಉಳಿಸಿತು, ಲಾರಿ ತಂದ ಕಳ್ಳನಿಂದ ಉಳಿಸಲಿಲ್ಲ. ಟಿ.ವಿ.ಯಲ್ಲಿ ಕೂತು ಜೋರಾಗಿ ಮಾತಾಡೋದೇ ಕಸುಬಾಗಿರುವ ನಾನು ಒಂದು ಜಾಗದ ಬಗ್ಗೆ ಎಷ್ಟು ಜೋರಾಗಿ ಮಾತಾಡಬೇಕು ಅಂತ ಯೋಚಿಸಿದ್ದು ಅಲ್ಲೇ ಮೊದಲು. ಈ ಎಪಿಸೋಡಿಗೆ ಒಳಗಿನ ದೃಶ್ಯ ಯಾಕಿಲ್ಲ ಅಂತ ಕೇಳಿದ್ದೀರಿ. ಅವನು ಬೇಡ ಅಂದ, ನಾನು ತೆಗೆಯಲಿಲ್ಲ. ಅಷ್ಟೇ.

ಹೊರಗೆ ಬಂದಮೇಲೆ ಕಾವಲುಗಾರನ ಜೊತೆ ಮೆಟ್ಟಿಲ ಮೇಲೆ ಕೂತೆವು. ಗೆಳೆಯ ಅವನನ್ನು ಗೌರವದಿಂದ ಮಾತಾಡಿಸುತ್ತಿದ್ದ, ಹಾಸನದಲ್ಲಿ ಹಿರಿಯರನ್ನು ದೊಡ್ಡಪ್ಪ ಅನ್ನುವಂತೆ ಅಲ್ಲೂ ಒಂದು ಪದ ಇದೆ. ದಿನ ಏನು ಕೆಲಸ ಅಂತ ಕೇಳಿದೆ. ಬೆಳಗ್ಗೆ ಬೀಗ ತೆಗೆದು ಎಣಿಸ್ತೀನಿ, ಸಂಜೆ ಎಣಿಸಿ ಬೀಗ ಹಾಕ್ತೀನಿ, ಮಳೆ ಬಂದರೆ ಮೇಲೆ ನೋಡ್ತೀನಿ ಅಂದ. 1999ರ ಬಗ್ಗೆ ಕೇಳಿದಾಗ ಮಾತಾಡಲಿಲ್ಲ. ಆಗ ಗೆಳೆಯ ಮೊಬೈಲಿನಲ್ಲಿ ಒಂದು ಹಳೇ ಕಪ್ಪು ಬಿಳುಪು ಫೋಟೋ ಹುಡುಕಿ ತೆಗೆದ, ಕಳುವಿಗೆ ಮೊದಲಿನದ್ದು, ಎಲ್ಲ ಹದಿನೇಳೂ ಇರುವಂಥದ್ದು. ಕಾವಲುಗಾರ ಮೊಬೈಲ್ ತಗೊಂಡು ಎರಡು ಬೆರಳಲ್ಲಿ ಅದನ್ನು ಹಿಗ್ಗಿಸಿದ. ಮುಂದಿನ ಸಾಲಿನ ಎರಡು ಮೂರ್ತಿ ದೊಡ್ಡದಾಗಿ ಕಂಡವು. ತಾವರೆಯ ಮೇಲೆ ಒಂದು ಮೊಣಕಾಲೂರಿ, ಕೈ ಮುಂದಕ್ಕೆ ಚಾಚಿ, ಬುದ್ಧನಿಗೆ ಏನೋ ಕೊಡಲು ಹೊರಟ ಹಾಗೆ. ಕೈಯಲ್ಲಿ ಏನಿತ್ತು ಅಂತ ಕೇಳಿದೆ. ಗೊತ್ತಿಲ್ಲ, ಫೋಟೋದಲ್ಲೂ ಕಾಣಲ್ಲ ಅಂದ. ಮೋಡ ಕಟ್ಟುತ್ತಿತ್ತು. ಮೊಬೈಲ್ ವಾಪಸ್ ಕೊಟ್ಟು, ಎದ್ದು, ಗುಡಿಯ ಹಿಂಬದಿಯ ಸೂರು ನೋಡೋಕೆ ಹೋದ.